ಎರಡನೆಯ ವಾರದ ಜ್ವರ

ಸ್ತನ ಕ್ಯಾನ್ಸರಿಗೆ ಇರುವ ಚಿಕಿತ್ಸೆಗಳನ್ನು ಮೊದಲು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: ಶಸ್ತ್ರಚಿಕಿತ್ಸೆ, ಕಿಮೋ, ವಿಕಿರಣ, ಹಾರ್ಮೋನು ಮಾತ್ರೆ, ಜೊತೆಗೆ ಕೆಲವು ಬಗೆಯ ಗಡ್ಡೆಗಳಿಗೆ ಮಾತ್ರ ಹೊಂದುವ ಟ್ರಾಸ್ಟುಜುಮಾಬ್‌ನಂಥ ಔಷಧಿ. ಎಲ್ಲರಿಗೂ ಎಲ್ಲವೂ ಬೇಕಾಗುವುದಿಲ್ಲ. ಕೊಡುವ ಕ್ರಮವೂ ಒಬ್ಬೊಬ್ಬರಿಗೆ ಒಂದೊಂದು. ಇವುಗಳ ವಿವರ ವೈದ್ಯರಿಗೆ ಗೊತ್ತಿದೆ. ಈ ಅಧ್ಯಾಯ ಇರುವುದು ಮನೆಯವರಿಗಾಗಿ. ಈಗ ಕಿಮೋ ಎಂದರೆ ಸಾಮಾನ್ಯವಾಗಿ ಬೆಳಿಗ್ಗೆ ಡೇ ಕೇರಿಗೆ ಹೋಗಿ, ಡ್ರಿಪ್ ಹಾಕಿಸಿಕೊಂಡು, ಸಂಜೆ ಮನೆಗೆ ಬರುವುದು. ಅಲ್ಲಿಂದ ಮುಂದಿನ ಸರದಿಯವರೆಗೆ ವಾರ್ಡೂ ಮನೆಯೇ, ನರ್ಸೂ ಮನೆಯವರೇ.

ಮೊದಲ ಮೂರು ನಾಲ್ಕು ದಿನಗಳ ಕಾಟ ಎಲ್ಲರಿಗೂ ಗೊತ್ತಿರುವಂಥದ್ದು: ಹೊಟ್ಟೆ ತೊಳಸುವುದು, ಸುಸ್ತು, ಬಾಯಿ ರುಚಿ ಕೆಡುವುದು. ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ. ವಾಂತಿಯಾದ ಮೇಲೆ ನುಂಗೋಣ ಎಂದು ಕಾಯಬೇಡಿ, ಬರೆದುಕೊಟ್ಟ ಹೊತ್ತಿಗೆ ನುಂಗಿ. ಒಗ್ಗರಣೆಯ ವಾಸನೆಗೇ ವಾಕರಿಕೆ ಬರುವುದುಂಟು. ಇಂಗು, ಬೆಳ್ಳುಳ್ಳಿ ಸಿಡಿಸುವಾಗ ಅವರನ್ನು ಜಗಲಿಯಲ್ಲೋ ಮಹಡಿಯಲ್ಲೋ ಕೂರಿಸಿ. ಬಿಸಿ ಅಡುಗೆಗಿಂತ ಆರಿದ ಅಡುಗೆಗೆ ವಾಸನೆ ಕಡಿಮೆ, ಹಾಗಾಗಿ ಆ ದಿನಗಳಲ್ಲಿ ಮೊಸರನ್ನವೇ ಗೆಲ್ಲುತ್ತದೆ. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಹಾಕಿದ್ದರೆ ಒಂದೆರಡು ದಿನ ಮೂತ್ರ ಕೆಂಪಗಾಗುತ್ತದೆ. ಅದು ರಕ್ತವಲ್ಲ, ಔಷಧಿಯ ಬಣ್ಣ.

ಆರನೆಯ, ಏಳನೆಯ ದಿನದ ಹೊತ್ತಿಗೆ ಊಟ ಸೇರುತ್ತದೆ, ಮುಖದಲ್ಲಿ ಗೆಲುವು ಬರುತ್ತದೆ. ‘ಈ ಸಲ ಪಾರಾದೆವು’ ಎಂದು ಮನೆಯವರು ಉಸಿರು ಬಿಡುತ್ತಾರೆ. ಬಹುಪಾಲು ಜನ ಎಡವುವುದು ಇಲ್ಲಿಯೇ. ನಿಜವಾಗಿ ಎಚ್ಚರ ಬೇಕಾದ ದಿನಗಳು ಆಗಷ್ಟೇ ಶುರುವಾಗಿರುತ್ತವೆ.

ಇದು ಹೇಗೆಂದು ವಿವರಿಸುವುದು ನನಗೆ ಬಹಳ ಇಷ್ಟದ ಕೆಲಸ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಕಿಮೋ ಔಷಧಿ ಹೊಡೆಯುವುದು ವೇಗವಾಗಿ ಒಡೆದು ಎರಡಾಗುತ್ತಿರುವ ಕೋಶಗಳನ್ನು. ಕ್ಯಾನ್ಸರ್ ಕೋಶ ಅಂಥದ್ದು. ಕೂದಲ ಬುಡದ್ದು, ಬಾಯಿ ಮತ್ತು ಕರುಳಿನ ಒಳಪದರದ್ದು, ಮೂಳೆಯ ಮಜ್ಜೆಯದ್ದು ಕೂಡ ಅಂಥವೇ. ಕೂದಲು ಉದುರುವುದಕ್ಕೆ, ಬಾಯಿ ಹುಣ್ಣಾಗುವುದಕ್ಕೆ ಇದೇ ಕಾರಣ. ಮಜ್ಜೆಯಲ್ಲಿ ಹುಟ್ಟುವ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಕೆಲಸ ಒಳಹೊಕ್ಕ ಬ್ಯಾಕ್ಟೀರಿಯಾಗಳನ್ನು ನುಂಗುವುದು. ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ. ನ್ಯೂಟ್ರೋಫಿಲ್ಲಿಗೆ ರಕ್ತದಲ್ಲಿರುವ ಆಯಸ್ಸು ಗಂಟೆಗಳ ಲೆಕ್ಕದ್ದು, ಹೆಚ್ಚೆಂದರೆ ಕೆಲವು ದಿನಗಳದ್ದು. ಹಾಗಾದರೆ ಕಿಮೋ ಆದ ಮರುದಿನವೇ ಅವು ಮುಗಿದುಹೋಗಬೇಕಲ್ಲ? ಮುಗಿಯುವುದಿಲ್ಲ. ಕಾರ್ಖಾನೆಗೆ ಬೀಗ ಬಿದ್ದ ದಿನವೇ ಅಂಗಡಿ ಖಾಲಿಯಾಗುತ್ತದೆಯೇ? ಮಜ್ಜೆಯಲ್ಲಿ ಈಗಾಗಲೇ ಬಲಿತ ಕಣಗಳ ದಾಸ್ತಾನಿದೆ, ಅದು ಕೆಲವು ದಿನ ನಡೆಸುತ್ತದೆ. ದಾಸ್ತಾನು ತೀರಿ ಸಂಖ್ಯೆ ತಳ ಮುಟ್ಟುವುದು ಸಾಮಾನ್ಯವಾಗಿ 7ರಿಂದ 14ನೆಯ ದಿನದೊಳಗೆ. ಜನರ ಮಾತಿನಲ್ಲಿ ‘ಕೌಂಟ್ ಬಿದ್ದಿದೆ’ ಎನ್ನುವುದು ಇದನ್ನೇ.

ಮಜ್ಜೆಯ ಮೂಲಕೋಶಗಳಲ್ಲಿ ಹೆಚ್ಚಿನವು ಸುಮ್ಮನೆ ಮಲಗಿರುತ್ತವೆ. ಒಡೆಯುತ್ತಿಲ್ಲವಾದ್ದರಿಂದ ಔಷಧಿಯ ಏಟಿನಿಂದ ಅವು ತಪ್ಪಿಸಿಕೊಳ್ಳುತ್ತವೆ. ಆಮೇಲೆ ಎದ್ದು ಹೊಸ ಕಣಗಳನ್ನು ಹುಟ್ಟಿಸುತ್ತವೆ, ಮೂರನೆಯ ವಾರದ ಕೊನೆಗೆ ಕೌಂಟ್ ಮೇಲೆ ಬರುತ್ತದೆ. ಅನೇಕ ಕಿಮೋಗಳಿಗೆ 21 ದಿನಗಳ ಅಂತರವಿರುವುದು ಈ ಕಾರಣಕ್ಕೆ. ಪ್ರತಿ ಸರದಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ, ಕೌಂಟ್ ಸಾಲದೆ ಹೋದರೆ ‘ಮುಂದಿನ ವಾರ ಬನ್ನಿ’ ಎನ್ನುವುದೂ ಇದಕ್ಕೇ. ದೂರದ ಊರಿನಿಂದ ರಾತ್ರಿ ಬಸ್ಸು ಹಿಡಿದು ಬಂದವರಿಗೆ ಆ ಮಾತು ಕೇಳಿ ಸಿಟ್ಟು ಬರುವುದು ಸಹಜ. ಊರಿನ ಲ್ಯಾಬಿನಲ್ಲೇ ಹಿಂದಿನ ದಿನ ರಕ್ತ ಪರೀಕ್ಷೆ ಮಾಡಿಸಿ ವರದಿ ಕಳಿಸಬಹುದೇ ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಈಗ ಮುಖ್ಯ ವಿಷಯ. ಗಾಯಕ್ಕೆ ಕೀವು ತುಂಬುತ್ತದಲ್ಲ, ಆ ಕೀವಿನ ಬಹುಭಾಗ ಸತ್ತ ನ್ಯೂಟ್ರೋಫಿಲ್ಲುಗಳೇ. ಅವೇ ಇಲ್ಲದಾಗ ಕೀವಿಲ್ಲ, ಊತವೂ ಅಷ್ಟಕ್ಕಷ್ಟೇ. ಎದೆಯ ಎಕ್ಸ್‌ರೇಯಲ್ಲಿ ಕೂಡ ಏನೂ ಕಾಣದಿರಬಹುದು. ಸೋಂಕು ಹೊಕ್ಕಿದೆ ಎಂದು ಹೇಳಲು ದೇಹಕ್ಕೆ ಉಳಿದಿರುವ ಒಂದೇ ದಾರಿ ಬಹಳ ಸಲ ಜ್ವರ ಮಾತ್ರ. ಅದನ್ನು ‘ಮೈ ಸ್ವಲ್ಪ ಬೆಚ್ಚಗಿದೆ, ಬೆಳಿಗ್ಗೆ ನೋಡೋಣ’ ಎಂದು ಪ್ಯಾರಸಿಟಮಾಲ್ ಕೊಟ್ಟು ಮಲಗಿಸಿದರೆ ಇದ್ದ ಒಂದು ಸುಳಿವನ್ನೂ ಅಳಿಸಿದಂತೆ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಚಳಿ ಹತ್ತಿ ಮೈ ನಡುಗಿದರೆ ಜ್ವರ ಏರುವ ತನಕವೂ ಕಾಯಬೇಡಿ. ಅಲ್ಲಿ ಹೇಳಬೇಕಾದ ಮೊದಲ ವಾಕ್ಯ: ‘ಕಿಮೋ ಆಗಿ ಒಂಬತ್ತು ದಿನ ಆಗಿದೆ, ಜ್ವರ ಬಂದಿದೆ.’ ಕಿಮೋ ಎಂಬ ಮಾತೂ ದಿನದ ಲೆಕ್ಕವೂ ಕಿವಿಗೆ ಬಿದ್ದರೆ ಡ್ಯೂಟಿ ಡಾಕ್ಟರು ನಿಮ್ಮನ್ನು ಸಾಲಿನಲ್ಲಿ ಕೂರಿಸಬಾರದು. ರಕ್ತನಾಳಕ್ಕೆ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಹೋಗಬೇಕೆಂಬುದು ನಿಯಮ.

ಹಾಗೆಂದು ರೋಗಿಯನ್ನು ಕೋಣೆಯೊಳಗೆ ಕೂಡಿಹಾಕಬೇಕಿಲ್ಲ. ಈ ಸೋಂಕುಗಳಲ್ಲಿ ಬಹಳಷ್ಟು ಬರುವುದು ನಮ್ಮದೇ ಬಾಯಿ, ಕರುಳು, ಚರ್ಮದಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾಗಳಿಂದ. ಆದ್ದರಿಂದ ಊಟವಾದ ಮೇಲೆ ಕಾದಾರಿದ ನೀರಿಗೆ ಉಪ್ಪು, ಅಡುಗೆ ಸೋಡ ಹಾಕಿ ಬಾಯಿ ಮುಕ್ಕಳಿಸುವುದು ಮೂಗಿಗೆ ಕಟ್ಟಿದ ಮಾಸ್ಕಿನಷ್ಟೇ ಮುಖ್ಯ. ಬೆಂದ ಅಡುಗೆ, ತೊಳೆದು ಸಿಪ್ಪೆ ತೆಗೆದ ಹಣ್ಣು, ಬರುವವರೆಲ್ಲ ಕೈ ತೊಳೆಯುವುದು, ಇಷ್ಟು ನಡೆಸಿ. ಬೀದಿಯ ಕಬ್ಬಿನ ಹಾಲು, ಪಾನಿಪೂರಿ ಸದ್ಯಕ್ಕೆ ಬೇಡ. ದಾಳಿಂಬೆ, ಬೀಟ್‌ರೂಟ್ ಇಷ್ಟವಿದ್ದರೆ ಧಾರಾಳವಾಗಿ ತಿನ್ನಲಿ, ಆದರೆ ಅವು ಮಜ್ಜೆಯನ್ನು ಎಬ್ಬಿಸುವುದಿಲ್ಲ. ಎಬ್ಬಿಸುವ ಔಷಧಿ ಬೇರೆ ಇದೆ: ಜಿ-ಸಿಎಸ್‌ಎಫ್ ಇಂಜೆಕ್ಷನ್. ಅದನ್ನು ಚುಚ್ಚಿಸಿಕೊಂಡವರಿಗೆ ಸೊಂಟ, ಬೆನ್ನಿನ ಮೂಳೆ ನೋಯುವುದುಂಟು.

ಉಳಿದ ಭಯಗಳನ್ನು ಬೇಗ ಮುಗಿಸುತ್ತೇನೆ. ಕ್ಯಾನ್ಸರ್ ಅಂಟುರೋಗವಲ್ಲ. ಹೊರಗಿನ ಯಂತ್ರದಿಂದ ವಿಕಿರಣ ಕೊಟ್ಟವರ ಮೈಯಿಂದ ಏನೂ ಹೊರಸೂಸುವುದಿಲ್ಲ, ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಕಂಕುಳಿನ ದುಗ್ಧಗ್ರಂಥಿ ತೆಗೆದವರ ಕೈ ಊದಿಕೊಳ್ಳಬಹುದು ನಿಜ, ಆದರೆ ಆ ಕೈಯನ್ನು ಮಡಿಲಲ್ಲಿಟ್ಟು ಸಾಕುವುದು ಉಪಾಯವಲ್ಲ. ಭಾರವನ್ನು ನಿಧಾನವಾಗಿ ಹೆಚ್ಚಿಸುತ್ತಾ ವ್ಯಾಯಾಮ ಮಾಡಿದರೆ ಊತ ಹೆಚ್ಚುವುದಿಲ್ಲವೆಂದು 2009ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಮೊದಲ ದಿನವೇ ತುಂಬಿದ ಬಿಂದಿಗೆ ಎತ್ತಿ ಎಂದು ಇದರ ಅರ್ಥವಲ್ಲ. ಫಿಸಿಯೋಥೆರಪಿಯವರನ್ನು ಕೇಳಿ ಶುರು ಮಾಡಿ. ಬಳೆ, ಉಂಗುರ ಬಿಗಿಯಾಗತೊಡಗಿದರೆ ಊತದ ಮೊದಲ ಗುರುತು ಅದೇ.

ಕಿಮೋ, ವಿಕಿರಣ ಮುಗಿದ ಮೇಲೆ ಹಲವರ ಕೈಗೆ ಬರುವುದು ದಿನಕ್ಕೊಂದು ಚಿಕ್ಕ ಮಾತ್ರೆ: ಟಮಾಕ್ಸಿಫೆನ್. ನೋಡಲು ವಿಟಮಿನ್ ಗುಳಿಗೆಯ ಹಾಗಿರುವುದರಿಂದ ಅದಕ್ಕೆ ಬೆಲೆಯೇ ಸಿಗುವುದಿಲ್ಲ. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ 1962ರಲ್ಲಿ ಇದನ್ನು ತಯಾರಿಸಿದಾಗ ಹುಡುಕುತ್ತಿದ್ದುದು ಗರ್ಭನಿರೋಧಕವನ್ನು! ಅದಕ್ಕೆ ಇದು ಒದಗಲಿಲ್ಲ. ಆದರೆ ಸ್ತನದ ಕೋಶದಲ್ಲಿ ಈಸ್ಟ್ರೋಜನ್ ಬಂದು ಕೂರಬೇಕಾದ ಜಾಗದಲ್ಲಿ ತಾನೇ ಕೂತುಬಿಡುತ್ತದೆಂಬ ಗುಣದಿಂದ ಅಸಂಖ್ಯ ಹೆಂಗಸರ ಜೀವ ಉಳಿಸಿತು. ಐದು ವರ್ಷ ತೆಗೆದುಕೊಳ್ಳಬೇಕು. ಹತ್ತು ವರ್ಷ ಮುಂದುವರಿಸಿದವರಲ್ಲಿ ರೋಗ ಮರುಕಳಿಸುವುದು ಇನ್ನೂ ಕಡಿಮೆಯೆಂದು 2012ರಲ್ಲಿ ಅಟ್ಲಾಸ್ ಅಧ್ಯಯನ ಹೇಳಿತು. ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುವುದು ಇದರ ಕಿರಿಕಿರಿ. ಅದಕ್ಕೆ ಬೇಸತ್ತು ತಾವಾಗಿಯೇ ನಿಲ್ಲಿಸುವವರಿದ್ದಾರೆ. ನಿಲ್ಲಿಸುವ ಮುಂಚೆ ವೈದ್ಯರೊಡನೆ ಮಾತಾಡಿ, ದಾರಿಗಳಿವೆ. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ ಮಾತ್ರ ತಡಮಾಡದೆ ತೋರಿಸಿ.

‘ವರ್ಷಕ್ಕೊಂದು ಪೆಟ್ ಸ್ಕ್ಯಾನ್ ಮಾಡಿಸಿಬಿಡೋಣ’ ಎನ್ನುವ ಮಕ್ಕಳ ಪ್ರೀತಿ ಅರ್ಥವಾಗುತ್ತದೆ. ಆದರೆ 1994ರಲ್ಲಿ ಇಟಲಿಯಿಂದ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ, ತೊಂದರೆಯಿಲ್ಲದವರಿಗೂ ಮತ್ತೆ ಮತ್ತೆ ಎದೆಯ ಎಕ್ಸ್‌ರೇ, ಮೂಳೆಯ ಸ್ಕ್ಯಾನ್ ಮಾಡಿಸಿದ್ದರಿಂದ ಆಯಸ್ಸೇನೂ ಹೆಚ್ಚಲಿಲ್ಲ. ಬೇಕಾದದ್ದು ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ವೈದ್ಯರ ಕೈಯ ತಪಾಸಣೆ, ಆಮೇಲೆ ಇನ್ನಷ್ಟು ಅಂತರದಲ್ಲಿ, ಮತ್ತು ವರ್ಷಕ್ಕೊಂದು ಮ್ಯಾಮೊಗ್ರಾಮ್. ಬಿಡದ ಬೆನ್ನುನೋವು, ಕೆಮ್ಮು, ಹೊಸ ಗಂಟು ಕಂಡರೆ ಅವಧಿಗೆ ಕಾಯದೆ ಹೋಗುವುದು.

ಕೊನೆಗೊಂದು ಕೋರಿಕೆ. ನಿಮ್ಮ ಫೈಲಿನಲ್ಲಿ ಬಯಾಪ್ಸಿ ವರದಿಯಿರುತ್ತದೆ. ಅದರಲ್ಲಿ ಇಆರ್, ಪಿಆರ್, ಹರ್-2 ಎಂಬ ಮೂರು ಸಾಲುಗಳನ್ನು ಹುಡುಕಿ. ನಿಮಗೆ ಯಾವ ಮಾತ್ರೆ, ಎಷ್ಟು ವರ್ಷ, ಯಾಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಅಲ್ಲಿದೆ. ಮುಂದಿನ ಭೇಟಿಯಲ್ಲಿ ಆ ಮೂರು ಸಾಲುಗಳಿಗೆ ಬೆರಳಿಟ್ಟು, ಕನ್ನಡದಲ್ಲಿ ವಿವರಿಸಿ ಎಂದು ವೈದ್ಯರನ್ನು ಕೇಳಿ. ಸಂಕೋಚ ಬೇಡ. ಮನೆಯಲ್ಲಿ ಪಿಯುಸಿ ವಿಜ್ಞಾನ ಓದುವ ಮಗಳೋ ಮಗನೋ ಇದ್ದರೆ ಅವರನ್ನೂ ಜೊತೆಗೆ ಕರೆದೊಯ್ಯಿರಿ.