ಮೂಸೆಯೊಳಗಿನ ತಂಗಡಿ ಕಡ್ಡಿ

ಮಧುಗಿರಿ ಎಂದರೆ ಏಕಶಿಲಾ ಬೆಟ್ಟ, ಶಿರಾ ಎಂದರೆ ಬಿಜಾಪುರ ಸುಲ್ತಾನರ ಕಾಲದ ಗೋರಿ, ಪಾವಗಡ ಎಂದರೆ ಬರ, ಈಚೆಗೆ ಸೋಲಾರ್. ಉಕ್ಕಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ 1800ರಲ್ಲಿ ಈ ಸೀಮೆ ಸುತ್ತಿದ ಸ್ಕಾಟ್ ವೈದ್ಯ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಮತ್ತು ಕೊರಟಗೆರೆ ಬಳಿಯ ಚನ್ನರಾಯನದುರ್ಗದ ಕುಲುಮೆಗಳಿಗೆ ತನ್ನ ಪುಸ್ತಕದಲ್ಲಿ ಧಾರಾಳವಾಗಿ ಜಾಗ ಕೊಟ್ಟಿದ್ದಾನೆ. ಮಳೆಗಾಲದ ಹಳ್ಳಗಳು ಬೆಟ್ಟದಿಂದ ಇಳಿಸುತ್ತಿದ್ದ ಕರಿಮರಳೇ ಅದಿರು. ಅದರಿಂದ ಕಬ್ಬಿಣ ತೆಗೆಯುವುದು ಎಲ್ಲೆಡೆ ಇದ್ದ ಕಸುಬು. ಸ್ವಾರಸ್ಯವಿರುವುದು ಅದನ್ನು ಉಕ್ಕಾಗಿಸುವ ಮುಂದಿನ ಹಂತದಲ್ಲಿ. ಸುಡದ ಮಣ್ಣಿನ ಚೂಪು ತಳದ ಮೂಸೆ. ಒಳಗೆ ಕಬ್ಬಿಣದ ಒಂದು ಬೆಣೆ, ಮೂರು ರೂಪಾಯಿ ತೂಕದ ತಂಗಡಿ ಗಿಡದ ಕಡ್ಡಿ, ಎರಡು ಹಸಿ ಎಲೆ. ಬಾಯಿಗೆ ಮಣ್ಣಿನ ಮುಚ್ಚಳ. ಇಂಥ ಹದಿನೈದು ಮೂಸೆಗಳನ್ನು ಗುಮ್ಮಟದಂತೆ ಜೋಡಿಸಿ ತಿದಿ ಒತ್ತುತ್ತಿದ್ದರು. ಒಡೆದಾಗ ಸಿಗುವ ಉಕ್ಕಿನ ಗಟ್ಟಿಯ ಮೇಲೆ ಹರಳುಗಟ್ಟಿದ ಗುರುತು ಕಾಣುತ್ತಿತ್ತು. ಕಬ್ಬಿಣ ಪೂರ್ತಿ ಕರಗಿದ್ದಕ್ಕೆ ಬುಕಾನನ್ ಕೊಟ್ಟ ಪುರಾವೆ ಅದೇ.

ಇದನ್ನು ಕೈಚಳಕ ಎಂದು ಹೊಗಳಿ ಮುಗಿಸುವುದು ಅನ್ಯಾಯ. ಇದು ಲೋಹದ ಹರಳನ್ನೇ ತಿದ್ದುವ ವಿದ್ಯೆ. ಕಡ್ಡಿಯ ಇಂಗಾಲ ಕಬ್ಬಿಣದ ಪರಮಾಣುಗಳ ಸಂದಿನಲ್ಲಿ ಸೇರಿಕೊಳ್ಳುತ್ತದೆ, ಗಡಸುತನ ಅಲ್ಲಿಂದ ಬರುತ್ತದೆ. ಇಂದಿನ ಪ್ರಯೋಗಾಲಯ ಅಯಾನುಗಳನ್ನು ವಿದ್ಯುತ್ ಬಲದಿಂದ ಹರಳಿನೊಳಗೆ ನೆಡುತ್ತದೆ; ಅವು ಸಾಮಾನ್ಯವಾಗಿ ಒಂದು ಮೈಕ್ರಾನಿನಷ್ಟೂ ಆಳಕ್ಕೆ ಇಳಿಯುವುದಿಲ್ಲ, ಹೊಕ್ಕ ದಾರಿಯಲ್ಲಿ ಹರಳು ಕೆಡುವುದರಿಂದ ಮತ್ತೆ ಕಾಯಿಸಿ ನೇರ್ಪಡಿಸಬೇಕು. ದಾರಿ ಬೇರೆ, ಅನ್ಯ ಪರಮಾಣು ಮತ್ತು ಹದವಾದ ಕಾವು ಎರಡರಲ್ಲೂ ಇವೆ. ಪರಮಾಣು ಎಂಬುದನ್ನೇ ಕೇಳದ ಕಮ್ಮಾರನಿಗೆ ಹರಳು ತಿದ್ದುವವನೆಂಬ ಪಟ್ಟ ಕಟ್ಟುವುದು ಅತಿಯಾಯಿತು ಎನ್ನಬಹುದು. ಆದರೆ ಕಡ್ಡಿಯನ್ನು ತೂಗಿ ಹಾಕುವವನು ಕುರುಡಾಗಿ ಕೆಲಸ ಮಾಡುತ್ತಿಲ್ಲ. ಎಲೆಯಿಂದ ಎಷ್ಟು ಉಪಯೋಗವಿತ್ತೋ, ಅದು ಬೇರೆ ಮಾತು. ಇನ್ನು ತಿಳಿದವರಿಗೂ ಎಲ್ಲ ತಿಳಿದಿರಲಿಲ್ಲ: 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನಲ್ಲಿ ಈ ಬಗೆಯ ಉಕ್ಕನ್ನು ‘ವೂಟ್ಸ್’ ಎಂದು ಪರೀಕ್ಷಿಸಿದ, ಬಳಿಕ ವಿಜ್ಞಾನಿ ಫ್ಯಾರಡೆಯೂ ಕೈಹಾಕಿದ. ಇಂಥ ಉಕ್ಕಿನ ಅಲಗಿನ ಮೇಲಿನ ನೀರಲೆಯಂಥ ಗೆರೆಗಳಿಗೆ ಅದಿರಿನಲ್ಲಿದ್ದ ಎಳ್ಳಷ್ಟು ವನೇಡಿಯಂ ಕಾರಣವೆಂದು ಲೋಹವಿಜ್ಞಾನಿ ವರ್ಹೋವೆನ್ ಮತ್ತು ಕಮ್ಮಾರ ಪೆಂಡ್ರೆ ತೋರಿಸಿದ್ದು 1990ರ ದಶಕದಲ್ಲಿ.

ಈ ಉಕ್ಕು ಅಷ್ಟು ಒಳ್ಳೆಯದಾಗಿದ್ದರೆ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಗೆ ಗುಣದಲ್ಲಿ ಉತ್ತರ ಹುಡುಕಬಾರದು. ಒಂದೊಂದು ಗಟ್ಟಿಗೂ ಇದ್ದಿಲು ಸುರಿಯುವ ಕುಲುಮೆ, 1856ರ ಬೆಸೆಮರ್ ವಿಧಾನ ತಂದ ಅಗ್ಗದ ಉಕ್ಕಿನೆದುರು ನಿಲ್ಲುವಂತಿರಲಿಲ್ಲ. ಈಗ ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟ್ ಸೌರ ಪಾರ್ಕ್ ಹರಡಿದೆ. ಅದರ ಫಲಕಗಳ ಬಿಲ್ಲೆಗಳಲ್ಲಿರುವ ಸಿಲಿಕಾನ್ ಲೋಹವಲ್ಲ, ನಿಜ. ಆದರೂ ಆ ಬಿಲ್ಲೆಗಳೂ ಅನ್ಯ ಪರಮಾಣು ಹೊಗಿಸಿ, ಕಾಯಿಸಿ ತಿದ್ದಿದ ಹರಳುಗಳೇ. ತಿದ್ದುವ ಕೆಲಸ ಮಾತ್ರ ಬೇರೆಲ್ಲೋ ಮುಗಿದಿರುತ್ತದೆ. ಇಲ್ಲಿಯವರು ಕೊಟ್ಟಿರುವುದು ನೆಲ, ಅದೂ ಗುತ್ತಿಗೆಗೆ. ದಾರಿಬದಿಯ ತಂಗಡಿಯಂತೂ ಈಗಲೂ ಹಳದಿ ಹೂ ಬಿಡುತ್ತದೆ, ಕಡ್ಡಿ ತೂಗುವವರಿಲ್ಲ.