ಜ್ವರ ಇಳಿದ ಮೇಲೆ ಅಪಾಯ ಯಾಕೆ?

ಮಳೆಗಾಲ ಬಂತೆಂದರೆ ಡೆಂಗ್ಯೂ ಸುದ್ದಿ ಕೇಳುತ್ತಲೇ ಇರುತ್ತೀರಿ. ಆ ಜ್ವರ ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ ಇಳಿಯುತ್ತದೆ. ಮನೆಯವರು "ಅಬ್ಬಾ, ಗುಣ ಆಯ್ತು" ಅಂತಾರೆ. ಆದರೆ ಕೆಲವರಿಗೆ ನಿಜವಾದ ಅಪಾಯ ಶುರುವಾಗೋದೇ ಆಗ. ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಸೋರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಜೋರು ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಜ್ವರ ಇಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಒಂದೇ ವೈರಸ್ಸು ಒಬ್ಬರಿಗೆ ನಾಲ್ಕು ದಿನದ ಜ್ವರ ತಂದರೆ, ಇನ್ನೊಬ್ಬರನ್ನು ಐಸಿಯುಗೆ ಕಳಿಸುತ್ತದೆ. ಯಾಕೆ ಹೀಗೆ? ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಮತ್ತೊಂದು ಬಗೆ ತಗುಲಿದರೆ ಅಪಾಯ ಹೆಚ್ಚು. ಇದು ಹಳೆಯ ವಿಷಯ. ಹೊಸ ಸುಳಿವು ಕರುಳಿನಲ್ಲಿದೆ.

ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ ಇವೆ. ಅವು ರಕ್ತಕ್ಕೆ ಇಳಿಯದಂತೆ ತಡೆಯುವ ಬೇಲಿ ಒಂದೇ ಸಾಲು ಜೀವಕೋಶ, ಅಷ್ಟೇ! ಹಲವು ಬ್ಯಾಕ್ಟೀರಿಯಾಗಳ ಹೊರಪದರದಲ್ಲಿ ಕೊಬ್ಬು ಮತ್ತು ಸಕ್ಕರೆ ಸೇರಿದ ಎಂಡೋಟಾಕ್ಸಿನ್ ಎಂಬ ವಸ್ತು ಇರುತ್ತದೆ. ಬ್ಯಾಕ್ಟೀರಿಯಾ ಸತ್ತರೂ ಇದರ ವಿಷ ಹೋಗದು. ಇದರ ಚೂರು ರಕ್ತ ಸೇರಿದರೆ ನಮ್ಮ ರಕ್ಷಣಾ ಕೋಶಗಳು ಟಿಎಲ್‌ಆರ್-4 ಎಂಬ ಗ್ರಾಹಕದಿಂದ ಅದನ್ನು ಗುರುತಿಸಿ ಗಂಟೆ ಬಾರಿಸುತ್ತವೆ.

ಇಷ್ಟು ಚಿಕ್ಕ ಚೂರನ್ನು ಕಂಡುಹಿಡಿಯೋದು ಹೇಗೆ? ಇಲ್ಲೊಂದು ಮಜಾ ಇದೆ. ಅಟ್ಲಾಂಟಿಕ್ ಕರಾವಳಿಯಲ್ಲಿ ಕುದುರೆ ಲಾಳದ ಆಕಾರದ ಏಡಿ ಸಿಗುತ್ತದೆ. ಹೆಸರಿಗೆ ಏಡಿ, ನಿಜಕ್ಕೆ ಜೇಡ ಚೇಳುಗಳ ನೆಂಟ. ತಾಮ್ರದ ಅಂಶದಿಂದ ಅದರ ರಕ್ತ ನೀಲಿ. ಎಂಡೋಟಾಕ್ಸಿನ್ ತಾಗಿದರೆ ಆ ರಕ್ತ ಹೆಪ್ಪುಗಟ್ಟುತ್ತದೆ. 1950ರ ದಶಕದಲ್ಲಿ ಫ್ರೆಡರಿಕ್ ಬ್ಯಾಂಗ್ ಗಮನಿಸಿದ ಈ ಗುಣವೇ ಮುಂದೆ ಪರೀಕ್ಷೆಯಾಯಿತು. ಇಂಜೆಕ್ಷನ್ ಔಷಧಿ ಶುದ್ಧವೇ ಎಂದು ನೋಡಲೂ ಇದನ್ನು ಬಳಸುತ್ತಾರೆ.

ಬ್ರೆಜಿಲ್‌ನ ಡೆಂಗ್ಯೂ ರೋಗಿಗಳ ರಕ್ತ ಪರೀಕ್ಷಿಸಿದಾಗ, ತೀವ್ರ ಕಾಯಿಲೆ ಇದ್ದವರಲ್ಲಿ ಬ್ಯಾಕ್ಟೀರಿಯಾದ ಈ ಕುರುಹು ಹೆಚ್ಚಿತ್ತು. ಕೋವಿಡ್ ರೋಗಿಗಳಲ್ಲೂ ಇಂಥದ್ದೇ ಕಂಡಿದೆ. ಹಾಗಂತ ಚೂರುಗಳೇ ಕಾಯಿಲೆ ಹೆಚ್ಚಿಸಿದವು ಅನ್ನೋಕಾಗಲ್ಲ. ಕಾಯಿಲೆ ಹೆಚ್ಚಾಗಿ ಕರುಳಿನ ಬೇಲಿ ಸೋರಿದ್ದರಿಂದಲೂ ಚೂರುಗಳು ಬಂದಿರಬಹುದಲ್ವಾ? ಎರಡೂ ಸೇರಿರಲೂಬಹುದು.

2015ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಲ್ಯಾಬ್ ವರದಿಯಲ್ಲಿ "ಎನ್‌ಎಸ್-1 ಪಾಸಿಟಿವ್" ಅಂತ ನೋಡಿರಬಹುದು. ಅದು ಡೆಂಗ್ಯೂ ವೈರಸ್ಸಿನ ಪ್ರೋಟೀನು. ಅದೂ ಟಿಎಲ್‌ಆರ್-4 ಮೂಲಕವೇ ಅದೇ ಗಂಟೆ ಬಾರಿಸುತ್ತದಂತೆ!

ಹಾಗಾದ್ರೆ ಡೆಂಗ್ಯೂಗೆ ಆಂಟಿಬಯೋಟಿಕ್ ನುಂಗಿದರಾಯ್ತು ಅನ್ನಬೇಡಿ. ಆ ಔಷಧಿ ಕೆಲಸ ಮಾಡುವುದು ಜೀವಂತ ಬ್ಯಾಕ್ಟೀರಿಯಾ ಮೇಲೆ. ವೈರಸ್ಸಿಗೂ, ಸತ್ತ ಚೂರುಗಳಿಗೂ ಅದರಿಂದ ಏನೂ ಆಗದು.