ಹೆಸರಿನ ಹಂಗು

ಒಮ್ಮೆ ಇಟ್ಟ ಹೆಸರನ್ನು ಅಳಿಸುವುದು ಅವಿವೇಕವೆಂದೇ ನಾನು ಬಹುಕಾಲ ನಂಬಿದ್ದೆ. ತರಗತಿಯಲ್ಲಿ ಶಾಸನಗಳನ್ನು ಪಾಠ ಹೇಳುವವನಿಗೆ ಇದು ಸಹಜ. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುವುದೆಂಬ ಶಾಪಾಶಯವನ್ನು ವರ್ಷವರ್ಷವೂ ವಿವರಿಸಿ, ಕಲ್ಲಿನ ಮೇಲಣ ಅಕ್ಷರ ಮುಟ್ಟಬಾರದ್ದೆಂಬ ಭಾವ ನನ್ನಲ್ಲಿ ಬೇರೂರಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಒಂದು ವೃತ್ತಾಂತವನ್ನು ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಅಲ್ಲಿ ವಿದ್ಯಾರ್ಥಿಗಳು ಉಂಡು, ಮಲಗಿ, ಓದುವ ನಿವಾಸಗಳಿಗೂ ಕಾಲೇಜು ಎಂದೇ ಹೆಸರು. 1933ರಲ್ಲಿ ತೆರೆದ ಅಂಥದೊಂದಕ್ಕೆ ಜಾನ್ ಸಿ. ಕಾಲ್ಹೂನನ ಹೆಸರಿಟ್ಟಿದ್ದರು. ಈತ 1804ರಲ್ಲಿ ಯೇಲಿನ ಪದವಿ ಪಡೆದವನು, ದೇಶದ ಉಪಾಧ್ಯಕ್ಷನಾದವನು, ಗುಲಾಮಗಿರಿ ಕೇಡಲ್ಲ, ಒಳಿತೇ ಸರಿ ಎಂದು 1837ರಲ್ಲಿ ಸೆನೆಟ್ಟಿನಲ್ಲಿ ವಾದಿಸಿದವನೂ ಈತನೇ. ಭೋಜನಶಾಲೆಯ ಕಿಟಕಿಯ ಬಣ್ಣದ ಗಾಜಿನಲ್ಲಿ, ಹತ್ತಿಯನ್ನು ಹೊತ್ತು ನಡೆಯುವ ಗುಲಾಮರ ಚಿತ್ರವಿತ್ತು.

2016ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಪೀಟರ್ ಸಾಲೊವೆಯವರು ಹೆಸರು ಉಳಿಯಲಿ ಎಂದರು. ಅಳಿಸಿದರೆ ಇತಿಹಾಸವನ್ನು ಮರೆಮಾಚಿದಂತಾದೀತೆಂಬುದು ಅವರ ವಾದ. ನಾನಾದರೂ ಅದನ್ನೇ ಹೇಳುತ್ತಿದ್ದೆ. ಜೂನ್‌ನಲ್ಲಿ ಭೋಜನಶಾಲೆಯ ಕೆಲಸಗಾರನೊಬ್ಬ, ಕಪ್ಪು ಜನಾಂಗದವನು, ಪೊರಕೆಯ ಹಿಡಿಯಿಂದ ಆ ಗಾಜನ್ನು ಒಡೆದುಹಾಕಿದ. ಪೊಲೀಸರು ಹಿಡಿದರು, ಕೆಲಸ ಬಿಡಬೇಕಾಯಿತು, ಕಡೆಗೆ ಕೆಲಸಕ್ಕೆ ಮರಳಿದ, ಮೊಕದ್ದಮೆಯೂ ಬಿದ್ದುಹೋಯಿತು. ನಮ್ಮಂಥವರು ಇತಿಹಾಸವೆಂದು ಕರೆಯುವುದರ ಕೆಳಗೆ ಆತ ದುಡಿಯಬೇಕಾಗಿತ್ತು! ಈ ಸಂಗತಿ ನನಗೆ ಹೊಳೆದೇ ಇರಲಿಲ್ಲ.

ಅನಂತರ ವಿಶ್ವವಿದ್ಯಾನಿಲಯ ಮಾಡಿದ್ದು ವಿವೇಕದ ಕೆಲಸ. ಕಾಲ್ಹೂನನನ್ನು ಕ್ಷಣ ಬದಿಗಿಟ್ಟು, ಯಾವ ಹೆಸರನ್ನೇ ಆಗಲಿ ಬದಲಿಸುವ ಮುನ್ನ ಏನೇನು ಕೇಳಿಕೊಳ್ಳಬೇಕೆಂದು ಗೊತ್ತುಮಾಡಲು, ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಜಾನ್ ವಿಟ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಬದಲಾವಣೆ ಅಪರೂಪವಾಗಿರಬೇಕೆಂದು ಸಮಿತಿಯೂ ಒಪ್ಪಿತು. ಆದರೆ ಆ ವ್ಯಕ್ತಿ ಮುಖ್ಯವಾಗಿ ಬಿಟ್ಟುಹೋದದ್ದು ವಿದ್ಯಾಸಂಸ್ಥೆಯ ಧ್ಯೇಯಕ್ಕೇ ವಿರುದ್ಧವೆ? ಅವನ ಕಾಲದಲ್ಲಿಯೇ ಅದನ್ನು ಆಕ್ಷೇಪಿಸಿದವರಿದ್ದರೆ? ಹೆಸರಿಟ್ಟವರು ಏನನ್ನು ಮನ್ನಿಸಿ ಇಟ್ಟರು? ಆ ಕಾಲವೇ ಹಾಗಿತ್ತೆಂಬ ನಮ್ಮ ಸುಲಭದ ಸಮಾಧಾನಕ್ಕೆ ಎರಡನೆಯ ಪ್ರಶ್ನೆ ಎಡೆಗೊಡುವುದಿಲ್ಲ. 1850ರಲ್ಲಿ ಕಾಲ್ಹೂನ್ ತೀರಿಕೊಂಡಾಗ, ಯೇಲಿನ ಪ್ರಾಧ್ಯಾಪಕ ಬೆಂಜಮಿನ್ ಸಿಲ್ಲಿಮನ್ ಅವನ ಸಾವಿಗೆ ಮರುಗುತ್ತಲೇ ಅವನ ನಿಲುವನ್ನು ಖಂಡಿಸಿದ್ದ. 2017ರ ಫೆಬ್ರವರಿಯಲ್ಲಿ ಆ ಹೆಸರು ಹೋಗಿ, 1934ರಲ್ಲಿ ಅಲ್ಲಿಯೇ ಗಣಿತದಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಗಣಕಯಂತ್ರದ ಭಾಷೆಗಳಿಗೆ ದಾರಿ ತೋರಿದ ಗ್ರೇಸ್ ಹಾಪರ್ ಅವರ ಹೆಸರು ಬಂದಿತು.

ಇಷ್ಟಕ್ಕೆ ಮುಗಿಯಿತೆ? ಯೇಲ್ ಎಂಬ ಹೆಸರಿನ ಬೇರು ನಮ್ಮ ನೆರೆಯ ಮದರಾಸಿನಲ್ಲಿದೆ. ಎಲಿಹು ಯೇಲ್ 1687ರಿಂದ 1692ರವರೆಗೆ ಸೇಂಟ್ ಜಾರ್ಜ್ ಕೋಟೆಯ ಗವರ್ನರಾಗಿ ಅಪಾರ ಐಶ್ವರ್ಯ ಗಳಿಸಿದವನು. ಅವನು ದಾನವಾಗಿ ಕಳುಹಿಸಿದ ಸರಕು 562 ಪೌಂಡಿಗೆ ಮಾರಾಟವಾಯಿತು. 1718ರಲ್ಲಿ ವಿದ್ಯಾಲಯಕ್ಕೆ ಅವನ ಹೆಸರಾಯಿತು. ಅವನು ಅಧಿಕಾರದಲ್ಲಿದ್ದಾಗ ಆ ಬಂದರಿನಿಂದ ಗುಲಾಮರನ್ನು ಹಡಗೇರಿಸಿದ್ದುಂಟು. ಈ ಹೆಸರು ಹಾಗೆಯೇ ಇದೆ.

ಸಮಿತಿಯ ಪ್ರಶ್ನೆಗಳನ್ನು ಈಚೆಗೆ ನಮ್ಮ ತರಗತಿಯ ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಹಡಗು ಹತ್ತಿದವರು ಆಕ್ಷೇಪಿಸಿದ್ದು ಯಾವ ಕಡತದಲ್ಲಿ ಸಿಗುತ್ತದೆ ಸರ್?" ಎಂದಳು. ಗಂಟೆ ಹೊಡೆಯಿತು, ನಾನು ಹಲಗೆಯನ್ನು ಒರೆಸಲಿಲ್ಲ.